ಇಲಿ ಬಿತ್ತು, ಊರು ಬಿಡಿ

ರೋಗಗಳಿಗೆ ಹೆಸರಿಡುವುದರಲ್ಲಿ ನಮ್ಮ ಜನ ಚತುರರು. ದಡಾರ, ಸೀತಾಳೆ ಸಿಡುಬು, ನಾಯಿಕೆಮ್ಮು, ವಾಂತಿಭೇದಿ ಎಂದು ಒಂದೊಂದಕ್ಕೂ ಅದರದರ ಲಕ್ಷಣ ನೋಡಿ ಹೆಸರು ಕೊಟ್ಟರು. ಸಿಡುಬಿಗೆ ಅಂಜಿ ಅದನ್ನು ‘ಅಮ್ಮ’ ಎಂದು ಕರೆದರು. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಒಂದು ಜಾಡ್ಯಕ್ಕೆ ಮಾತ್ರ ಕನ್ನಡದಲ್ಲಿ ತನ್ನದೆನ್ನುವ ಹೆಸರು ನೆಲೆಯೂರಲಿಲ್ಲ. ಇಂಗ್ಲಿಷಿನ ಮಾತೇ ‘ಪ್ಲೇಗು’ ಆಗಿ ಉಳಿಯಿತು. ಸಂಸ್ಕೃತ ಬಲ್ಲ ವೈದ್ಯರು ‘ಗ್ರಂಥಿಕ ಸನ್ನಿಪಾತ’ವೆಂದು ಕರೆದು ನೋಡಿದರು, ಆ ಹೆಸರು ಪುಸ್ತಕದಲ್ಲಿಯೇ ನಿಂತಿತು. ಜನರು ರೋಗಕ್ಕೆ ಹೆಸರಿಡುವುದಕ್ಕಿಂತ ಮೊದಲು ಅದರ ಬರವನ್ನು ಸೂಚಿಸಲು ಎರಡೇ ಪದಗಳ ಒಂದು ವಾಕ್ಯವನ್ನು ಮಾಡಿಕೊಂಡರು: ‘ಇಲಿ ಬಿತ್ತು.’

ಇಂದಿನ ಮಕ್ಕಳಿಗೆ ಈ ಮಾತು ಹೇಳಿದರೆ ನಕ್ಕಾರು. ಅಟ್ಟದ ಮೇಲಿಂದ ಇಲಿಯೊಂದು ಬಿದ್ದರೆ ಅದರಲ್ಲೇನು ವಿಶೇಷ ಎಂದಾರು. ಆದರೆ ಎರಡು ಮೂರು ತಲೆಮಾರುಗಳ ಹಿಂದೆ, ಮೈಸೂರು ಸಂಸ್ಥಾನದ ಹಳ್ಳಿಯಲ್ಲಾಗಲಿ ಧಾರವಾಡದ ಸೀಮೆಯಲ್ಲಾಗಲಿ, ಬೆಳಗ್ಗೆ ಎದ್ದು ಕಸ ಗುಡಿಸುವ ಹೆಂಗಸು ನಡುಮನೆಯಲ್ಲಿ ಒಂದು ಸತ್ತ ಇಲಿಯನ್ನು ಕಂಡು ‘ಇಲಿ ಬಿದ್ದಿದೆ’ ಎಂದಳೆಂದರೆ, ಆ ಮನೆಯ ಒಲೆ ಅಂದು ಅಲ್ಲಿ ಉರಿಯುತ್ತಿರಲಿಲ್ಲ. ಪಾತ್ರೆ ಪರಟೆ, ಚಾಪೆ ಕಂಬಳಿಗಳನ್ನು ಕಟ್ಟಿ, ದನಕರುಗಳನ್ನು ಬಿಚ್ಚಿ, ಹಣ್ಣು ಮುದುಕರನ್ನು ಗಾಡಿಯ ಮೇಲೆ ಕೂರಿಸಿ, ಮನೆಮಂದಿಯೆಲ್ಲ ಊರಾಚೆಯ ಹೊಲಕ್ಕೆ ಹೊರಡುತ್ತಿದ್ದರು. ಅಲ್ಲಿ ತೆಂಗಿನ ಗರಿ, ಸೋಗೆ, ಹುಲ್ಲು, ಬಿದಿರುತಡಿಕೆ ಏನು ದೊರೆಯಿತೋ ಅದರಿಂದ ಒಂದು ಗುಡಿಸಲು ಎದ್ದು ನಿಲ್ಲುತ್ತಿತ್ತು. ತಿಂಗಳುಗಟ್ಟಲೆ ಅದೇ ಮನೆ, ಅದೇ ಮಠ. ಬಿಸಿಲೇರಿ ಜಾಡ್ಯ ಅಡಗಿದ ಮೇಲೆ ಮನೆಗೆ ಸುಣ್ಣ ಹೊಡೆದು, ಹಂಚು ತೆಗೆದು ಬಿಸಿಲು ಬೀಳಿಸಿ, ನೆಲ ಸಾರಿಸಿ ಮತ್ತೆ ಒಳಗೆ ಕಾಲಿಡುವುದು ವಾಡಿಕೆ.

ಈ ನಡವಳಿಕೆಯನ್ನು ಅಜ್ಞಾನಿಗಳ ಗಾಬರಿ ಎಂದು ಬರೆದವರುಂಟು. ಆದರೆ ಪ್ಲೇಗಿನ ಚರಿತ್ರೆಯನ್ನು ಆದ್ಯಂತವಾಗಿ ನೋಡಿದರೆ, ಈ ಹಳ್ಳಿಗರ ಎರಡು ಪದಗಳಲ್ಲಿದ್ದ ತಿಳಿವಳಿಕೆಯನ್ನು ವಿಜ್ಞಾನವು ಒಪ್ಪಿಕೊಳ್ಳಲು ಹತ್ತು ವರ್ಷಗಳಾದರೂ ಬೇಕಾಯಿತೆಂಬುದು ಗೊತ್ತಾಗುತ್ತದೆ. ಆ ಹತ್ತು ವರ್ಷಗಳಲ್ಲಿ ಲಕ್ಷಾಂತರ ಜೀವಗಳು ಹೋದುವು. ಆ ಕಥೆಯನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಇಲಿಯ ಉಪದ್ರವವೇನೂ ನಮ್ಮ ಪೂರ್ವಿಕರಿಗೆ ಹೊಸದಲ್ಲ. ದೇಶಕ್ಕೆ ಒದಗುವ ಆರು ಈತಿಬಾಧೆಗಳಲ್ಲಿ ಅತಿವೃಷ್ಟಿ, ಅನಾವೃಷ್ಟಿ, ಮಿಡತೆ, ಗಿಳಿ, ನೆರೆಯ ದೊರೆಗಳ ಹಾವಳಿ ಇವುಗಳ ಜೊತೆಗೆ ಮೂಷಕವನ್ನೂ ಎಣಿಸಿದ್ದಾರೆ. ಆದರೆ ಅಲ್ಲಿ ಇಲಿ ಬೆಳೆ ತಿನ್ನುವ ಶತ್ರು. ರೋಗ ತರುವ ದೂತನಲ್ಲ. ಇಲಿಗೂ ಮಾರಿಗೂ ಇರುವ ನಂಟನ್ನು ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಮೊಗಲ ಬಾದಷಹ ಜಹಾಂಗೀರನೂ ಒಬ್ಬ. 1618-19ರ ಚಳಿಗಾಲದಲ್ಲಿ ಆಗ್ರಾ ಸೀಮೆಯಲ್ಲಿ ಹಬ್ಬಿದ್ದ ಜಾಡ್ಯದ ವಿಷಯವಾಗಿ, ಆಸಫ್ ಖಾನನ ಮಗಳು ಹೇಳಿದ ಸಂಗತಿಯೊಂದನ್ನು ಅವನು ತನ್ನ ಆತ್ಮಕಥೆಯಲ್ಲಿ ದಾಖಲೆ ಮಾಡಿದ್ದಾನೆ. ಅವಳ ಮನೆಯಂಗಳದಲ್ಲಿ ಒಂದು ಇಲಿ ಕುಡಿದವರಂತೆ ತತ್ತರಿಸುತ್ತ, ಎತ್ತ ಹೋಗಬೇಕೆಂದು ತಿಳಿಯದೆ ಸುತ್ತುತ್ತಿತ್ತು. ದಾಸಿಯೊಬ್ಬಳು ಅದನ್ನು ಬಾಲ ಹಿಡಿದೆತ್ತಿ ಬೆಕ್ಕಿನ ಮುಂದೆ ಹಾಕಿದಳು. ಬೆಕ್ಕು ಹಾರಿ ಹಿಡಿದು, ಅಸಹ್ಯದಿಂದ ಕೂಡಲೇ ಬಿಟ್ಟುಬಿಟ್ಟಿತು. ಬಳಿಕ ತಾನೂ ಕಾಯಿಲೆ ಬಿದ್ದಿತು. ಅನಂತರ ದಾಸಿಯರಲ್ಲಿ ಒಬ್ಬಳಿಗೆ ಜ್ವರ ಬಂದು ಗಂಟೆದ್ದಿತು. ಎಂಟೊಂಬತ್ತು ದಿನಗಳಲ್ಲಿ ಆ ಒಂದು ಮನೆಯಿಂದ ಹದಿನೇಳು ಮಂದಿ ಹೋದರು.

ಹಿಮಾಲಯದ ತಪ್ಪಲಿನ ಗಢವಾಲ, ಕುಮಾವೂ ಪ್ರಾಂತಗಳಲ್ಲಿಯೂ 1823ರಿಂದೀಚೆಗೆ ಇದೇ ಜಾಡ್ಯ ಆಗಾಗ ಕಾಣಿಸಿಕೊಂಡಿತು. ಅಲ್ಲಿಯವರು ಅದನ್ನು ‘ಮಹಾಮಾರಿ’ ಎಂದರು. ಮನೆಯಲ್ಲಿ ಇಲಿಗಳು ಸಾಯತೊಡಗಿದರೆ ಆ ಬೆಟ್ಟದ ಜನ ಹಳ್ಳಿಯನ್ನೇ ಬಿಟ್ಟು ಮೇಲಿನ ಕಾಡಿಗೆ ಹೋಗಿ ತಂಗುತ್ತಾರೆಂದು ಸರ್ಕಾರದ ವರದಿಗಳಲ್ಲಿಯೇ ಬರೆದಿತ್ತು. ಆದರೆ ಬೇಕಾದ ಹೊತ್ತಿನಲ್ಲಿ ಆ ವರದಿಗಳು ಯಾರ ನೆನಪಿಗೂ ಬಂದಂತೆ ತೋರುವುದಿಲ್ಲ.

ಬೇಕಾದ ಹೊತ್ತು ಬಂದದ್ದು 1896ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1894ರಲ್ಲಿ, ಚೀನದ ಕರಾವಳಿಯ ಹಾಂಗ್‌ಕಾಂಗಿನಲ್ಲಿ ಪ್ಲೇಗು ತಲೆಯೆತ್ತಿದಾಗ ಅಲೆಕ್ಸಾಂಡರ್ ಯೆರ್ಸಿನ್ ಎಂಬ ವಿಜ್ಞಾನಿ ರೋಗದ ಕ್ರಿಮಿಯನ್ನು ಸೂಕ್ಷ್ಮದರ್ಶಕದಡಿ ಕಂಡುಹಿಡಿದಿದ್ದನು. ಜಪಾನಿನ ಕಿಟಸಾಟೊ ಕೂಡ ಅದೇ ಕಾಲಕ್ಕೆ ಅದೇ ಕೆಲಸದಲ್ಲಿ ತೊಡಗಿದ್ದನು. ಕ್ರಿಮಿ ಗೊತ್ತಾಯಿತು, ಅದು ಮನುಷ್ಯನ ಮೈಯನ್ನು ಹೊಗುವ ದಾರಿ ಗೊತ್ತಾಗಲಿಲ್ಲ. ಅಷ್ಟರಲ್ಲಿ ಹಡಗಿನ ಇಲಿಗಳ ಜೊತೆಯಲ್ಲಿ ಜಾಡ್ಯವು ಮುಂಬಯಿಯನ್ನು ತಲುಪಿತು. 1896ರ ಸೆಪ್ಟೆಂಬರಿನಲ್ಲಿ ಬಂದರಿನ ಪಕ್ಕದ, ಧಾನ್ಯದ ಗೋದಾಮುಗಳಿಂದ ಕಿಕ್ಕಿರಿದ ಮಾಂಡ್ವಿ ಪೇಟೆಯಲ್ಲಿ ಡಾಕ್ಟರ್ ಅಕೇಸಿಯೊ ವೀಗಸ್ ಅವರು ಇದು ಪ್ಲೇಗೆಂದು ಗುರುತಿಸಿ ಹೇಳಿದರು. ಮುಂದಿನ ವರ್ಷದ ಆರಂಭದ ವೇಳೆಗೆ ಸುಮಾರು ಎಂಟು ಲಕ್ಷ ಜನರಿದ್ದ ಆ ಮಹಾನಗರದಿಂದ ಹೆಚ್ಚುಕಡಿಮೆ ಅರ್ಧದಷ್ಟು ಜನ ಹೊರಟುಹೋಗಿದ್ದರು.

ಸರ್ಕಾರವು ಕೈಕಟ್ಟಿ ಕೂರಲಿಲ್ಲವೆಂಬುದನ್ನು ಒಪ್ಪಬೇಕು. ಆದರೆ ರೋಗವು ಹೊಲಸಿನಿಂದ, ನೆಲದಿಂದ, ಕೆಟ್ಟ ಗಾಳಿಯಿಂದ, ರೋಗಿಯ ಸ್ಪರ್ಶದಿಂದ ಹರಡುವುದೆಂದು ಅಂದಿನ ವೈದ್ಯರು ನಂಬಿದ್ದರು. ಆದ್ದರಿಂದ ಚರಂಡಿಗಳಿಗೆ ಸಮುದ್ರದ ನೀರು ಹಾಯಿಸಿದರು. ಮನೆಗಳ ಒಳಕ್ಕೆ ಬೆಂಕಿ ಆರಿಸುವ ಯಂತ್ರಗಳಿಂದ ಕಾರ್ಬಾಲಿಕ್ ದ್ರಾವಣ ಹೊಡೆದರು. ನೆಲ ಅಗೆದರು, ಮಾಡಿನ ಹಂಚು ತೆಗೆದರು, ಬಟ್ಟೆಬರೆ ಸುಟ್ಟರು. ವಾಸಕ್ಕೆ ಯೋಗ್ಯವಲ್ಲದ ಮನೆಗಳ ಗೋಡೆಯ ಮೇಲೆ ಇಂಗ್ಲಿಷಿನ ಮೂರು ಅಕ್ಷರಗಳನ್ನು ಬರೆದರು. ಇಷ್ಟೆಲ್ಲ ನಡೆಯುವಾಗ ಆಗುತ್ತಿದ್ದುದೇನು? ನೀರಿಗೂ ಘಾಟಿಗೂ ಹೆದರಿದ ಇಲಿಗಳು ಪಕ್ಕದ ಕೇರಿಗೆ ಓಡುತ್ತಿದ್ದುವು. ಜಾಡ್ಯವನ್ನು ಗುಡಿಸಿ ಹಾಕಲು ಹೊರಟವರು ಅದನ್ನು ನೆರೆಮನೆಗೆ ತಳ್ಳುತ್ತಿದ್ದರು.

1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಹೊರಟಿತು. ಅದು ಬಹಳ ಚಿಕ್ಕ ಕಾಯಿದೆ. ಅದು ಅಧಿಕಾರಿಗಳಿಗೆ ಕೊಟ್ಟ ಅಧಿಕಾರ ಮಾತ್ರ ಬಹಳ ದೊಡ್ಡದು. ಮನೆ ಹೊಕ್ಕು ಶೋಧಿಸಬಹುದು, ರೈಲಿನಿಂದ ಇಳಿಸಿ ಪರೀಕ್ಷೆ ಮಾಡಬಹುದು, ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಪ್ರತ್ಯೇಕ ಶಿಬಿರಕ್ಕೂ ಒಯ್ಯಬಹುದು. ಪುಣೆಯಲ್ಲಿ ಈ ಕೆಲಸವನ್ನು ವಾಲ್ಟರ್ ರ್‍ಯಾಂಡ್ ಎಂಬ ಅಧಿಕಾರಿಗೆ ಒಪ್ಪಿಸಿದರು. ಅವನ ಕೈಗೆ ಬಿಳಿಯ ಸೈನಿಕರನ್ನು ಕೊಟ್ಟರು. ಸೈನಿಕರು ದೇವರ ಮನೆ, ಅಡಿಗೆಮನೆ, ಅಂತಃಪುರ ಎಂಬ ವಿವೇಚನೆಯಿಲ್ಲದೆ ನುಗ್ಗಿದರೆಂಬ ದೂರು ಊರೆಲ್ಲ ತುಂಬಿತು. ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಗಂಟು ಇದೆಯೇ ಎಂದು ಹೆಂಗಸರನ್ನು ಪರೀಕ್ಷಿಸುವ ರೀತಿಯಂತೂ ಜನರ ಎದೆಯನ್ನು ಸುಟ್ಟಿತು. 1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಸಮಾರಂಭದಿಂದ ಹಿಂತಿರುಗುತ್ತಿದ್ದ ರ್‍ಯಾಂಡನಿಗೆ ಚಾಪೇಕರ್ ಸಹೋದರರು ಗುಂಡಿಕ್ಕಿದರು. ಲೋಕಮಾನ್ಯ ತಿಲಕರ ಮೇಲೆ ಅದೇ ವರ್ಷ ರಾಜದ್ರೋಹದ ಮೊಕದ್ದಮೆ ನಡೆದು ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಒಂದು ರೋಗದ ಉಪಚಾರವು ರಾಜಕೀಯದ ಬೆಂಕಿಯಾಗಿ ಪರಿಣಮಿಸಿತು.

ಅದೇ ಪುಣೆಯಲ್ಲಿ ಬೇರೆ ಬಗೆಯ ಉಪಚಾರವೂ ನಡೆದಿತ್ತೆಂಬುದನ್ನು ಮರೆಯಲಾಗದು. ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಬಾಳನ್ನು ಸವೆಸಿದ ಸಾವಿತ್ರಿಬಾಯಿ ಫುಲೆಯವರು ತಮ್ಮ ಸಾಕುಮಗ ಡಾಕ್ಟರ್ ಯಶವಂತರ ಚಿಕಿತ್ಸಾಲಯದಲ್ಲಿ ಪ್ಲೇಗಿನ ರೋಗಿಗಳ ಶುಶ್ರೂಷೆಗೆ ನಿಂತರು. ರೋಗ ತಗಲಿದ ಹುಡುಗನೊಬ್ಬನನ್ನು ತಾವೇ ಎತ್ತಿಕೊಂಡು ಬಂದರು. ಅದೇ ಜಾಡ್ಯ ತಾಕಿ 1897ರ ಮಾರ್ಚ್ 10ರಂದು ತೀರಿಕೊಂಡರು. ತಿಲಕರೂ ಜನ ನಂಬಿ ಬರುವಂಥ ಆಸ್ಪತ್ರೆಯೊಂದನ್ನು ಊರವರ ನೆರವಿನಿಂದ ತೆರೆಸಿದರು. ಆಸ್ಪತ್ರೆಯೆಂದರೆ ಸಾವಿನ ಮನೆ ಎಂದು ಹೆದರಿ ರೋಗಿಯನ್ನು ಅಟ್ಟದಲ್ಲಿ ಬಚ್ಚಿಡುತ್ತಿದ್ದ ಜನರೇ, ತಮ್ಮವರು ನೋಡಿಕೊಳ್ಳುವ ಕಡೆಗೆ ಕರೆತಂದರು. ಬಲಕ್ಕೆ ಬಾಗದ ಬಾಗಿಲು ನಂಬಿಕೆಗೆ ತೆರೆಯಿತು.

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಿಗೆ ರೈಲಿನ ದಾರಿ ಹಿಡಿದು ಪ್ಲೇಗು ಬಂದದ್ದು ಇದರ ಬೆನ್ನಲ್ಲಿಯೇ. ಹತ್ತಿ ವ್ಯಾಪಾರದ ಕೇಂದ್ರವೂ ರೈಲ್ವೆ ಕಾರ್ಖಾನೆಯ ಊರೂ ಆದ ಹುಬ್ಬಳ್ಳಿ 1898ರಲ್ಲಿ ಬಹಳವಾಗಿ ನೊಂದಿತು. ಆದರೆ ಪ್ಲೇಗಿನ ಚರಿತ್ರೆಯಲ್ಲಿ ಹುಬ್ಬಳ್ಳಿಗೆ ಇನ್ನೊಂದು ಸ್ಥಾನವೂ ಇದೆ. ಆಗ ರಷ್ಯಕ್ಕೆ ಸೇರಿದ್ದ ಒಡೆಸ್ಸಾ ನಗರದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಯಲ್ಲಿ ಕುಳಿತು ಪ್ಲೇಗಿಗೆ ಒಂದು ಲಸಿಕೆಯನ್ನು ಸಿದ್ಧಪಡಿಸಿದ್ದನು. 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡು ನೋಡಿದನು. ಅನಂತರ ಒಪ್ಪಿ ಮುಂದೆ ಬಂದವರಿಗೆ ಕೊಟ್ಟನು. ಆ ಲಸಿಕೆಯನ್ನು ಒಂದು ಇಡೀ ಊರಿನ ಮೇಲೆ ಪ್ರಯೋಗಿಸಿದ ಮೊದಮೊದಲ ಕಡೆಗಳಲ್ಲಿ ಹುಬ್ಬಳ್ಳಿಯೂ ಒಂದು. ಡಾಕ್ಟರ್ ಲ್ಯೂಮನ್ ಎಂಬವರ ಮೇಲ್ವಿಚಾರಣೆಯಲ್ಲಿ ಮೂವತ್ತು ಸಾವಿರಕ್ಕೂ ಮೇಲ್ಪಟ್ಟು ಜನ ಸೂಜಿ ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಸತ್ತವರು ಕಡಿಮೆ. ಹಾಕಿಸಿಕೊಳ್ಳದವರಲ್ಲಿ ಬಹಳ ಹೆಚ್ಚು. ಪಕ್ಕದ ಮನೆಯವನು ಸೂಜಿ ಹಾಕಿಸಿಕೊಂಡು ಬದುಕಿದ್ದನ್ನು ಕಣ್ಣಾರೆ ಕಂಡ ಜನರಿಗೆ ಪೋಲೀಸರ ಬಲಾತ್ಕಾರ ಬೇಕಾಗಲಿಲ್ಲ.

ಮೈಸೂರು ಸಂಸ್ಥಾನದ ಕಥೆಯನ್ನು ಇನ್ನು ನೋಡೋಣ. ಆಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರು. ಶೇಷಾದ್ರಿ ಅಯ್ಯರ್ ಅವರು ದಿವಾನರು. ಬೆಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡದ್ದು 1898ರ ಆಗಸ್ಟಿನಲ್ಲಿ. ಅರಳೆಪೇಟೆ, ಚಿಕ್ಕಪೇಟೆಯಂಥ ಹಳೆಯ ಪೇಟೆಗಳ ಸ್ವರೂಪವನ್ನು ಮನಸ್ಸಿಗೆ ತಂದುಕೊಂಡರೆ, ಜಾಡ್ಯವು ಅಲ್ಲಿ ಹೇಗೆ ಹಬ್ಬಿತೆಂದು ಊಹಿಸುವುದು ಕಷ್ಟವಲ್ಲ. ಒಂದಕ್ಕೊಂದು ಅಂಟಿದ ಮನೆಗಳು, ಗಾಳಿ ಬೆಳಕಿಲ್ಲದ ನಡುಮನೆಗಳು, ಮಣ್ಣಿನ ಗೋಡೆ, ಮಣ್ಣಿನ ನೆಲ; ಮುಂದೆ ಅಂಗಡಿ, ಹಿಂದೆ ಸಂಸಾರ, ಮೇಲೆ ಅಟ್ಟದ ತುಂಬ ಧಾನ್ಯ. ಇಲಿಗಳಿಗೆ ಇದಕ್ಕಿಂತ ಸುಖವಾದ ಬಿಡಾರ ಮತ್ತೊಂದಿಲ್ಲ.

ಎಷ್ಟು ಜನ ಹೋದರೆಂಬುದನ್ನು ಖಾನೇಷುಮಾರಿಯ ಅಂಕೆಗಳೇ ಹೇಳುತ್ತವೆ. 1891ರಲ್ಲಿ ಬೆಂಗಳೂರಿನ ನಗರ, ದಂಡು ಎರಡೂ ಸೇರಿ 1,80,366 ಜನರಿದ್ದರು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಆ ಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿಯಿತು. ಮೈಸೂರು ನಗರದ ಜನಸಂಖ್ಯೆ 74,048ರಿಂದ 68,111ಕ್ಕೆ ಇಳಿಯಿತು. ಕಡಿಮೆಯಾದವರೆಲ್ಲರೂ ಸತ್ತವರೆಂದಲ್ಲ, ಮನೆಮಾರು ಬಿಟ್ಟುಹೋಗಿ ಹಿಂತಿರುಗದವರೂ ಅದರಲ್ಲಿ ಸೇರಿದ್ದಾರೆ. ಆದರೂ ರಾಜಧಾನಿಗಳೆರಡೂ ಹತ್ತು ವರ್ಷಗಳಲ್ಲಿ ಕುಗ್ಗಿದುವೆಂಬುದು ಸಾಮಾನ್ಯ ಸಂಗತಿಯಲ್ಲ.

ಸರ್ಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರಾಗಿ ನೇಮಿಸಿತು. ಮುಂದೆ ಇವರೇ ಸಂಸ್ಥಾನದ ದಿವಾನರಾದರು. ರೈಲ್ವೆ ನಿಲ್ದಾಣಗಳಲ್ಲಿ ತಪಾಸಣೆ, ಊರ ಹೊರಗೆ ಶೆಡ್ಡುಗಳು, ಜಾಡ್ಯವಿರುವ ಊರಿನಿಂದ ಬಂದವರಿಗೆ ಪ್ಲೇಗ್ ಪಾಸ್‌ಪೋರ್ಟು, ಪಾಸ್‌ಪೋರ್ಟು ಪಡೆದವರು ಗೊತ್ತಾದಷ್ಟು ದಿನ ಅಧಿಕಾರಿಯ ಮುಂದೆ ಹಾಜರಾಗಿ ಮುಖ ತೋರಿಸುವುದು, ಹೀಗೆ ಕ್ರಮಗಳು ಒಂದರ ಮೇಲೊಂದು ಬಂದುವು. ಇಲ್ಲಿಯೂ ಜನರ ಅಸಮಾಧಾನ ಹೊಗೆಯಾಡಿತು. 1898ರ ಕೊನೆಯ ಭಾಗದಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗಿನ ಕಟ್ಟುಪಾಡುಗಳ ವಿರುದ್ಧ ಜನ ದಂಗೆಯೆದ್ದರು. ಪುಣೆಯ ಪಾಠವನ್ನು ಮೈಸೂರೂ ಸ್ವಲ್ಪಮಟ್ಟಿಗೆ ಕಲಿಯಬೇಕಾಯಿತು.

ಈ ಕಷ್ಟಕಾಲದಲ್ಲಿ ಬೆಂಗಳೂರಿನಲ್ಲಿ ದುಡಿದ ವೈದ್ಯರಲ್ಲಿ ಡಾಕ್ಟರ್ ಪಲ್ಪು ಅವರ ಹೆಸರನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯಬೇಕು. ಅವರು ತಿರುವಾಂಕೂರಿನ ಈಳವ ಜಾತಿಯಲ್ಲಿ ಹುಟ್ಟಿದವರು. ಮದ್ರಾಸಿನಲ್ಲಿ ವೈದ್ಯವಿದ್ಯೆಯನ್ನು ಮುಗಿಸಿಕೊಂಡರೂ ಜಾತಿಯ ಕಾರಣದಿಂದ ತಮ್ಮ ಸಂಸ್ಥಾನದಲ್ಲಿ ಕೆಲಸ ದೊರೆಯಲಿಲ್ಲ. ಅವರು ಮೈಸೂರಿನ ಸೇವೆಗೆ ಬಂದು, ಪ್ಲೇಗಿನ ದಿನಗಳಲ್ಲಿ ಹೆಣ್ಣು ಗಂಡೆನ್ನದೆ, ಮೇಲು ಕೀಳೆನ್ನದೆ ರೋಗಿಗಳ ನಡುವೆ ನಿಂತು ಕೆಲಸ ಮಾಡಿದರು. ತವರು ಬೇಡವೆಂದ ಕೈ ನಮ್ಮವರ ನಾಡಿ ಹಿಡಿಯಿತು. ಮುಂದೆ ನಾರಾಯಣ ಗುರುಗಳ ಆಶ್ರಯದಲ್ಲಿ ತಮ್ಮ ಜನರ ಏಳಿಗೆಗೆ ದುಡಿದ ಮಹನೀಯರೂ ಇವರೇ.

ನಗರದಲ್ಲಿ ಇಷ್ಟೆಲ್ಲ ಗಲಿಬಿಲಿ ನಡೆಯುತ್ತಿದ್ದಾಗ ಹಳ್ಳಿಗರು ತಮ್ಮ ದಾರಿಯನ್ನು ತಾವು ಕಂಡುಕೊಂಡರು. ಆ ದಾರಿಯೇ ಮೊದಲು ಹೇಳಿದ ಹೊಲದ ಗುಡಿಸಲು. ಇದರ ಹಿಂದಿನ ತರ್ಕ ಬಹಳ ಸರಳ: ಇಲಿ ಸತ್ತ ಮನೆಯಲ್ಲಿ ಮನುಷ್ಯರು ಸಾಯುತ್ತಾರೆ, ಇಲಿ ಸತ್ತ ಕೂಡಲೇ ಮನೆ ಬಿಟ್ಟವರು ಬದುಕುತ್ತಾರೆ. ಏಕೆಂಬುದು ಅವರಿಗೆ ತಿಳಿಯದು. ಆದರೆ ಇದು ಹೀಗೆಂಬುದನ್ನು ಅವರು ಒಂದೆರಡು ಮಳೆಗಾಲಗಳಲ್ಲಿ ನೋಡಿ ನಿಶ್ಚಯ ಮಾಡಿಕೊಂಡಿದ್ದರು.

ಏಕೆಂಬುದನ್ನು ತೋರಿಸಿದವನು ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ. 1898ರ ಜೂನ್ ತಿಂಗಳಲ್ಲಿ ಕರಾಚಿಯ ಹೋಟೆಲೊಂದರಲ್ಲಿ ಅವನು ಬಹಳ ಸುಲಭವಾದ ಒಂದು ಪ್ರಯೋಗ ನಡೆಸಿದನು. ದೊಡ್ಡ ಗಾಜಿನ ಜಾಡಿಯೊಳಗೆ, ಮೈಮೇಲೆ ಚಿಗಟಗಳಿದ್ದ ಪ್ಲೇಗಿನ ಇಲಿಯೊಂದನ್ನು ಬಿಟ್ಟನು. ಅದೇ ಜಾಡಿಯಲ್ಲಿ ತಂತಿಬಲೆಯ ಪಂಜರವೊಂದನ್ನು ತೂಗಹಾಕಿ, ಅದರಲ್ಲಿ ಆರೋಗ್ಯವಾಗಿದ್ದ ಇಲಿಯನ್ನು ಇರಿಸಿದನು. ಎರಡು ಇಲಿಗಳೂ ಒಂದನ್ನೊಂದು ಮುಟ್ಟುವಂತಿಲ್ಲ. ಬಲೆಯ ಕಣ್ಣಿನಲ್ಲಿ ನುಸುಳಬಲ್ಲುದು ಚಿಗಟವೊಂದೇ. ರೋಗದ ಇಲಿ ಸತ್ತಿತು. ಕೆಲವು ದಿನಗಳಲ್ಲಿ ಪಂಜರದ ಇಲಿಯೂ ಪ್ಲೇಗಿನಿಂದಲೇ ಸತ್ತಿತು. ರಹಸ್ಯ ಬಯಲಾಯಿತು. ಇಲಿಯ ರಕ್ತ ಹೀರಿ ಬದುಕುವ ಚಿಗಟವು, ಇಲಿ ಸತ್ತು ಅದರ ಮೈ ತಣ್ಣಗಾದೊಡನೆ, ಬೇರೆ ಬಿಸಿ ಮೈಯನ್ನು ಹುಡುಕಿಕೊಂಡು ಹೊರಡುತ್ತದೆ. ಹತ್ತಿರದಲ್ಲಿ ಇನ್ನೊಂದು ಇಲಿ ಸಿಕ್ಕರೆ ಅದನ್ನು ಹತ್ತುತ್ತದೆ. ಇಲಿಗಳೆಲ್ಲ ಸತ್ತುಹೋದರೆ ಚಾಪೆಯ ಮೇಲೆ ಮಲಗಿದ ಮನುಷ್ಯನ ಕಾಲನ್ನು ಹತ್ತುತ್ತದೆ. ಹೀಗೆ ಇಲಿ ಬಿದ್ದ ದಿನಕ್ಕೂ ಮನುಷ್ಯ ಬೀಳುವ ದಿನಕ್ಕೂ ನಡುವೆ ಸ್ವಲ್ಪ ಕಾಲ ದೊರೆಯುತ್ತದೆ. ಆ ಬಿಡುವಿನಲ್ಲಿ ಮನೆ ಬಿಟ್ಟವನು ಬದುಕಿದನು. ಹಳ್ಳಿಯ ಹೆಂಗಸು ‘ಇಲಿ ಬಿತ್ತು’ ಎಂದು ಕೂಗಿದ್ದು ಆ ಬಿಡುವಿನ ಮೊದಲ ಗಂಟೆಯಲ್ಲಿ.

ಸಿಮಾಂಡನ ಮಾತನ್ನು ಅಂದಿನ ಪಂಡಿತರು ಸುಲಭವಾಗಿ ಒಪ್ಪಲಿಲ್ಲ. 1898ರಲ್ಲಿ ನೇಮಕವಾದ ಪ್ಲೇಗ್ ಕಮಿಷನ್ ಅದಕ್ಕೆ ಬೆಲೆಯನ್ನೇ ಕೊಡಲಿಲ್ಲ. 1905ರಿಂದ ಮುಂಬಯಿಯ ಪರೇಲಿನಲ್ಲಿ ಇನ್ನೊಂದು ಸಂಶೋಧನಾ ಮಂಡಲಿ ಕೆಲಸ ಮಾಡಿತು. ಪ್ಲೇಗು ಬಂದು ಖಾಲಿಯಾದ ಮನೆಗಳಲ್ಲಿ ಗಿನಿಪಿಗ್ ಎಂಬ ಸಾಧುಪ್ರಾಣಿಗಳನ್ನು ಇಟ್ಟು ನೋಡಿದರು. ಚಿಗಟ ನುಸುಳದಂಥ ಸಣ್ಣ ತಂತಿಬಲೆಯೊಳಗೆ ಇಟ್ಟವು ಬದುಕಿದುವು. ಹಾಗೆಯೇ ಬಿಟ್ಟವು ಸತ್ತುವು. ಗಾಳಿಯೂ ಅದೇ, ನೆಲವೂ ಅದೇ. ವ್ಯತ್ಯಾಸ ಚಿಗಟದ್ದು ಮಾತ್ರ. ಸಂದೇಹಕ್ಕೆ ಎಡೆಯೇ ಉಳಿಯಲಿಲ್ಲ. ಆದರೆ ಅಷ್ಟರಲ್ಲಿ 1907ನೆಯ ಇಸವಿ ಬಂದಿತ್ತು. ಆ ಒಂದೇ ವರ್ಷ ಪ್ಲೇಗಿನಿಂದ ಭಾರತದಲ್ಲಿ ಸುಮಾರು 13 ಲಕ್ಷ ಜನ ಸತ್ತರು. ಅದರಲ್ಲಿ ಪಂಜಾಬಿನ ಪಾಲೇ ಹೆಚ್ಚು.

ಇಷ್ಟು ಹೇಳಿದ ಮಾತ್ರಕ್ಕೆ ಜನ ಮಾಡಿದ್ದೆಲ್ಲ ಸರಿ, ಸರ್ಕಾರ ಮಾಡಿದ್ದೆಲ್ಲ ತಪ್ಪು ಎಂದು ತೀರ್ಮಾನಿಸುವುದು ನ್ಯಾಯವಲ್ಲ. ಊರು ಬಿಡುವುದು ಬೇರೆ, ಊರಿಂದ ಊರಿಗೆ ಓಡುವುದು ಬೇರೆ. ತನ್ನ ಹೊಲದಲ್ಲಿ ಗುಡಿಸಲು ಹಾಕಿಕೊಂಡವನು ಚಿಗಟದಿಂದ ದೂರವಾದನು. ಯಾರಿಗೂ ಕೇಡು ಮಾಡಲಿಲ್ಲ. ಆದರೆ ಹಾಸಿಗೆ, ಬಟ್ಟೆಗಂಟು, ಧಾನ್ಯದ ಚೀಲಗಳನ್ನು ಕಟ್ಟಿಕೊಂಡು ರೈಲು ಹತ್ತಿ ದೂರದ ನೆಂಟರ ಮನೆಗೆ ಹೋದವನು ಚಿಗಟಗಳನ್ನೂ ಜೊತೆಯಲ್ಲಿ ಒಯ್ದನು. ಮುಂಬಯಿಯಿಂದ ಹುಬ್ಬಳ್ಳಿಗೆ, ಅಲ್ಲಿಂದ ಮೈಸೂರು ಸೀಮೆಗೆ ಜಾಡ್ಯ ನಡೆದು ಬಂದದ್ದು ಹೀಗೆಯೇ. ಇದಲ್ಲದೆ ಪ್ಲೇಗು ಶ್ವಾಸಕೋಶಕ್ಕೆ ಹತ್ತಿದರೆ ರೋಗಿಯ ಕೆಮ್ಮಿನಿಂದಲೇ ಹರಡುತ್ತದೆ. ಅಲ್ಲಿ ಇಲಿಯೂ ಬೇಡ, ಚಿಗಟವೂ ಬೇಡ. ಅಂಥಲ್ಲಿ ರೋಗಿಯನ್ನು ಬೇರೆಯಿರಿಸದೆ ಗತ್ಯಂತರವಿಲ್ಲ. ಸರ್ಕಾರದ ತಪಾಸಣೆಗೂ ಪ್ರತ್ಯೇಕ ಶಿಬಿರಕ್ಕೂ ಕಾರಣವಿತ್ತು. ಇಲ್ಲದಿದ್ದುದು ಅದನ್ನು ವಿವರಿಸಿ ಹೇಳುವ ತಾಳ್ಮೆ.

ಇನ್ನೊಂದು ಕಹಿ ಸತ್ಯವೂ ಉಂಟು. ಹೊಲವಿದ್ದವನಿಗೆ ಹೊಲದ ಗುಡಿಸಲು. ಹೊಲವಿಲ್ಲದವನು ಎಲ್ಲಿಗೆ ಹೋಗಬೇಕು? ಪೇಟೆಯ ಕೂಲಿಯವನು ಒಂದು ದಿನ ದುಡಿಯದಿದ್ದರೆ ಒಲೆ ಹಚ್ಚುವಂತಿಲ್ಲ. ಊರವರೆಲ್ಲ ಖಾಲಿ ಮಾಡಿದ ಮೇಲೆ ಆ ಮನೆಗಳನ್ನು ತೊಳೆದವರು, ಸತ್ತ ಇಲಿಗಳನ್ನು ಎತ್ತಿಹಾಕಿದವರು, ವಾರಸುದಾರರಿಲ್ಲದ ಹೆಣಗಳನ್ನು ಹೊತ್ತವರು ಯಾರು? ಪುರಸಭೆಯ ಝಾಡಮಾಲಿಗಳು, ಹಳ್ಳಿಯಲ್ಲಿ ಊರಾಚೆಯ ಕೇರಿಯವರು. ವರ್ಷವೆಲ್ಲ ಊರ ಹೊರಗೆ ಇರಬೇಕಾಗಿದ್ದವರನ್ನು ಊರೇ ಹೊರಗೆ ಹೋದಾಗ ಒಳಕ್ಕೆ ಕರೆದರು. ಅವರ ಹೆಸರುಗಳನ್ನು ಯಾವ ಗೆಜೆಟಿಯರೂ ಬರೆದಿಲ್ಲ.

ಲಸಿಕೆಯ ದಾರಿಯೂ ಹೂವಿನ ಹಾಸಿಗೆಯಾಗಿರಲಿಲ್ಲ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಸೂಜಿ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪನ್ನು ಹಾಫ್‌ಕಿನ್ನನ ಪ್ರಯೋಗಶಾಲೆಯ ಮೇಲೆ ಹೊರಿಸಿ ಅವನನ್ನು ಕೆಲಸದಿಂದ ದೂರವಿಟ್ಟರು. ಸೀಸೆಯ ಬಿರಡೆ ತೆಗೆಯುವಾಗ ಹಳ್ಳಿಯಲ್ಲಿಯೇ ಮಾಲಿನ್ಯ ಸೇರಿತೆಂಬುದನ್ನು ದೊಡ್ಡ ದೊಡ್ಡ ವಿಜ್ಞಾನಿಗಳು ವಾದಿಸಿ ತೋರಿಸಿದ ಮೇಲೆ, 1907ರಲ್ಲಿ ಅವನು ಕಳಂಕದಿಂದ ಪಾರಾದನು. 1925ರಲ್ಲಿ ಆ ಪ್ರಯೋಗಶಾಲೆಗೆ ಅವನ ಹೆಸರನ್ನೇ ಇಟ್ಟರು. ಈ ನಡುವೆ ಎಷ್ಟು ಊರುಗಳ ಜನ ಸೂಜಿಯ ಹೆಸರು ಕೇಳಿ ಓಡಿದರೋ ಲೆಕ್ಕವಿಟ್ಟವರಿಲ್ಲ. ನಂಬಿಕೆಯನ್ನು ಕಟ್ಟಲು ಹುಬ್ಬಳ್ಳಿಯಲ್ಲಿ ಸಾವಿರಾರು ಸೂಜಿಗಳು ಬೇಕಾದುವು. ಕೆಡಿಸಲು ಒಂದು ಸೀಸೆ ಸಾಕಾಯಿತು.

ಬಲಾತ್ಕಾರದಿಂದ ಕೆಲಸ ಕೆಡುವುದೆಂದು ಸರ್ಕಾರಕ್ಕೂ ಕ್ರಮೇಣ ತಿಳಿಯಿತು. ಮನೆ ಶೋಧಿಸುವುದು, ರೋಗಿಯನ್ನು ಎಳೆದೊಯ್ಯುವುದು ಇವೆಲ್ಲ ಹೊಸ ಶತಮಾನದ ಆರಂಭದಲ್ಲಿ ಸಡಿಲವಾದುವು. ಬದಲಾಗಿ, ಇಷ್ಟವಿದ್ದವರಿಗೆ ಸೂಜಿ, ಇಲಿಗಳ ನಾಶ, ಮತ್ತು ಇಲಿ ಬಿದ್ದರೆ ಮನೆ ಬಿಡುವುದು ಈ ಮೂರು ಉಪಾಯಗಳು ನಿಂತುವು. ಕೊನೆಯದು ಹಳ್ಳಿಗರು ಮೊದಲೇ ಮಾಡುತ್ತಿದ್ದ ಕೆಲಸ. ಸರ್ಕಾರಿ ಡಾಕ್ಟರು ಬಂದು ‘ಇಲಿ ಬಿದ್ದರೆ ತಿಳಿಸಿ, ಮನೆ ಖಾಲಿ ಮಾಡಿ’ ಎಂದು ಉಪದೇಶ ಮಾಡಿದಾಗ ಊರಿನ ಹಿರಿಯರು ಏನೆಂದುಕೊಂಡಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಪ್ಲೇಗು ಬಿಟ್ಟುಹೋದ ಗುರುತುಗಳು ಇಂದಿಗೂ ನಮ್ಮ ಕಣ್ಣೆದುರಿನಲ್ಲಿವೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆಗೆ 1890ರ ದಶಕದಲ್ಲಿಯೇ ಯೋಜನೆಯಾಗಿತ್ತು. ಅಗಲವಾದ ಬೀದಿ, ಮನೆಯ ಸುತ್ತ ಬಯಲು, ಹಿಂದೆ ಜಾಡಮಾಲಿಗಳ ಓಣಿ ಇರುವಂತೆ ಗೆರೆ ಎಳೆದಿದ್ದರು. ಹಳೆಯ ಪೇಟೆಯನ್ನು ಬಿಟ್ಟು ಜನರು ಅಲ್ಲಿಗೆ ಹೋಗಿ ನೆಲೆಸುವಂತೆ ಮಾಡಿದ್ದು 1898ರ ಪ್ಲೇಗು. ದಂಡು ಪ್ರದೇಶದಲ್ಲಿ 1910ರ ವೇಳೆಗೆ ಫ್ರೇಜರ್ ಟೌನ್ ಎದ್ದಿತು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಸ್ಥಾಪಿತವಾಗಿ, ಇಕ್ಕಟ್ಟಾದ ಓಣಿಗಳನ್ನು ಬಿಡಿಸಿ ಹೊಸ ಬಡಾವಣೆಗಳನ್ನು ಮಾಡಿತು. ಇನ್ನೊಂದು ಕಡೆ ಜನರು ಪ್ಲೇಗನ್ನೂ ಒಬ್ಬ ಮಾರಮ್ಮನನ್ನಾಗಿ ಮಾಡಿ ಗುಡಿ ಕಟ್ಟಿದರು. ಬೆಂಗಳೂರಿನಲ್ಲಿ ಪ್ಲೇಗಮ್ಮ, ಪ್ಲೇಗ್ ಮಾರಿಯಮ್ಮ ಎಂಬ ಹೆಸರಿನ ದೇವತೆಗಳಿಗೆ ಪೂಜೆ ಸಲ್ಲುತ್ತಿದೆ. ಸಿಡುಬಿಗೆ ಕೊಟ್ಟ ‘ಅಮ್ಮ’ ಎಂಬ ಹೆಸರನ್ನು ಕಡೆಗೆ ಇದಕ್ಕೂ ಕೊಟ್ಟು ಸಮಾಧಾನಪಟ್ಟುಕೊಂಡರು.

1940ರ ದಶಕದಲ್ಲಿ ಗಂಧಕದ ಔಷಧಿಗಳೂ ಸ್ಟ್ರೆಪ್ಟೊಮೈಸಿನ್ನೂ ಬಂದುವು. ಚಿಗಟಗಳನ್ನು ಕೊಲ್ಲಲು ಡಿ.ಡಿ.ಟಿ. ಬಂದಿತು. ಅಲ್ಲಿಂದ ಪ್ಲೇಗಿನ ಹಲ್ಲು ಮುರಿಯಿತು. 1966ರಲ್ಲಿ ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡ ಮೇಲೆ ದೇಶದಲ್ಲಿ ಬಹುಕಾಲ ಅದರ ಸುದ್ದಿಯಿರಲಿಲ್ಲ. 1994ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಮ್ಲಾ ಎಂಬ ಹಳ್ಳಿಯಲ್ಲಿ ಇಲಿಗಳು ಬಿದ್ದುವು, ಚಿಗಟಗಳ ಕಾಟ ಹೆಚ್ಚಿತು. ಬಳಿಕ ಸೂರತ್ ನಗರದಲ್ಲಿ ಶ್ವಾಸಕೋಶದ ಪ್ಲೇಗು ಕಂಡು ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಔಷಧಿ ಇದ್ದುದರಿಂದ ಸತ್ತವರು ಕೆಲವೇ ಮಂದಿ; ಆದರೆ ಭಯ ಮಾತ್ರ 1896ರದ್ದೇ. 2020ರಲ್ಲಿ ಕೊರೋನಾ ಬಂದಾಗ ದೇಶದ ಉದ್ದಗಲಕ್ಕೂ ಅಧಿಕಾರಿಗಳು ಮೊದಲು ಕೈಗೆತ್ತಿಕೊಂಡದ್ದು ಅದೇ 1897ರ ಕಾಯಿದೆ. ರೋಗಿಯನ್ನು ಬಚ್ಚಿಟ್ಟ ಮನೆಗಳು, ಬಾಗಿಲಿಗೆ ಹಚ್ಚಿದ ಚೀಟಿಗಳು, ಸೂಜಿಗೆ ಹೆದರಿದವರು, ಹೆಣ ಹೊತ್ತ ಹೆಸರಿಲ್ಲದ ಜನ, ನೂರಾರು ಮೈಲಿ ನಡೆದುಹೋದ ಕೂಲಿಗಳು, ಇವರೆಲ್ಲರನ್ನೂ ನಾವು ಮತ್ತೊಮ್ಮೆ ಕಂಡೆವು.

ಈ ಚರಿತ್ರೆಯಿಂದ ತಿಳಿಯತಕ್ಕದ್ದು ಇಷ್ಟು. ಜನರಿಗೆ ಕಣ್ಣಿದೆ, ವೈದ್ಯರಿಗೆ ಕನ್ನಡಕವಿದೆ. ಕಣ್ಣಿಲ್ಲದ ಕನ್ನಡಕ ಕೆಲಸಕ್ಕೆ ಬಾರದು. ಕನ್ನಡಕವಿಲ್ಲದ ಕಣ್ಣಿಗೆ ಸೂಕ್ಷ್ಮ ಕಾಣದು. ಇಲಿ ಬಿದ್ದದ್ದನ್ನು ಕಂಡವಳು ಹಳ್ಳಿಯ ಹೆಂಗಸು. ಚಿಗಟವನ್ನು ಕಂಡವನು ಸಿಮಾಂಡ್. ಇಬ್ಬರ ಮಾತನ್ನೂ ಒಟ್ಟಿಗೆ ಕೇಳಿಸಿಕೊಂಡಿದ್ದರೆ ಎಷ್ಟೋ ಮನೆಗಳ ದೀಪ ಉಳಿಯುತ್ತಿತ್ತು.

ಇಲಿಗಳು ಇನ್ನೂ ನಮ್ಮ ಜೊತೆಯಲ್ಲಿಯೇ ಇವೆ. ಕಾರಣವಿಲ್ಲದೆ ಒಂದೇ ಕಡೆ ಹಲವು ಇಲಿಗಳು ಸತ್ತು ಬಿದ್ದುದನ್ನು ಕಂಡರೆ ಬರಿಗೈಯಿಂದ ಮುಟ್ಟದೆ, ಗುಡಿಸಿ ಬೀದಿಗೆ ಎಸೆಯದೆ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಇಂದಿಗೂ ಪ್ರತಿಯೊಬ್ಬರ ಕರ್ತವ್ಯ. ತಿಳಿಸಲು ಬಂದವರ ಮಾತನ್ನು ತಾಳ್ಮೆಯಿಂದ ಕೇಳುವುದು ಆ ಕೇಂದ್ರದವರ ಕರ್ತವ್ಯ.